ಸೀಟಿನಲ್ಲಿ ಕೂತು ಹೋದ ಡಬ್ಬಗಳು

ರಾತ್ರಿ ಹನ್ನೊಂದು ಗಂಟೆ ಆಗುತ್ತಿದ್ದಂತೆ ನನ್ನ ಫೋನಿಗೆ ಒಂದು ಕರೆ ಬರುತ್ತಿತ್ತು. ದೊಡ್ಡಬಳ್ಳಾಪುರ ಕಡೆಯ ಒಬ್ಬ ಗುಲಾಬಿ ಬೆಳೆಗಾರರದು. ಹಲೋ ಇಲ್ಲ, ಊಟ ಆಯ್ತಾ ಅನ್ನೋದೂ ಇಲ್ಲ. ಒಂದೇ ಮಾತು, "ಹತ್ತಿತಾ?"

"ಹತ್ತಿತು ಅಣ್ಣ" ಅಂದರೆ, "ಆಯ್ತಮ್ಮ, ಮಲಕ್ಕೋ ಹೋಗು" ಅಂತ ಫೋನ್ ಇಡುತ್ತಿದ್ದರು. "ಇನ್ನೂ ಇಲ್ಲ ಅಣ್ಣ" ಅಂದರೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುತ್ತಿರಲಿಲ್ಲ. ನಾಯಿ ಬೊಗಳೋದು, ಬೋರ್‌ವೆಲ್ ಮೋಟರ್ ಸದ್ದು ಅಷ್ಟೇ ಕೇಳುತ್ತಿತ್ತು.

ಹತ್ತೋದು ಅಂದರೆ ಅವರ ಡಬ್ಬಗಳು ವಿಮಾನ ಹತ್ತೋದು. ನಾನು ಆಗ ದೇವನಹಳ್ಳಿ ರಸ್ತೆಯ ಒಂದು ಚಿಕ್ಕ ಕಾರ್ಗೋ ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಎರಡು ರೂಮು, ಐದು ಜನ. ಬೆಳೆಗಾರರ, ಸಣ್ಣ ಫ್ಯಾಕ್ಟರಿಯವರ ಸರಕಿಗೆ ವಿಮಾನದಲ್ಲಿ ಜಾಗ ಹಿಡಿಯೋದು, ಕಸ್ಟಮ್ಸ್ ಕಾಗದ ಮಾಡಿಸೋದು, ಏರ್‌ವೇ ಬಿಲ್ ಅಂದರೆ ವಿಮಾನದ ಸರಕಿನ ರಸೀದಿ ಹಾಕೋದು, ಆಮೇಲೆ ಡಬ್ಬ ನಿಜವಾಗಲೂ ಹೋಯಿತಾ ಅಂತ ಬೆನ್ನು ಬೀಳೋದು. ಇಷ್ಟೇ ಕೆಲಸ. ಇಷ್ಟರಲ್ಲೇ ದಿನವೂ ರಾತ್ರಿಯೂ ಮುಗಿಯುತ್ತಿತ್ತು.

ಈ ಕೆಲಸಕ್ಕೆ ಸೇರುವ ಮೊದಲು ನಾನೂ ಎಲ್ಲರ ಹಾಗೇ ಅಂದುಕೊಂಡಿದ್ದೆ. ಜನರನ್ನು ಒಯ್ಯುವ ವಿಮಾನ ಬೇರೆ, ಸರಕು ಒಯ್ಯುವ ವಿಮಾನ ಬೇರೆ ಅಂತ. ಸರಕಿನ ವಿಮಾನಗಳು ಇವೆ, ಇಲ್ಲ ಅಂತಲ್ಲ. ಆದರೆ ಪ್ರಪಂಚದಲ್ಲಿ ವಿಮಾನದ ಮೇಲೆ ಹೋಗುವ ಸರಕಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೋಗುತ್ತಿದ್ದದ್ದು ನಾವು ನೀವು ಟಿಕೆಟ್ ತಗೊಂಡು ಕೂರುವ ವಿಮಾನದಲ್ಲೇ. ನಾವು ಮೇಲೆ, ಅದು ಕೆಳಗೆ. ಆ ಕೆಳಗಿನ ಜಾಗಕ್ಕೆ ನಮ್ಮ ಕೆಲಸದಲ್ಲಿ ಬೆಲ್ಲಿ ಅಂತಾರೆ, ಹೊಟ್ಟೆ. ನೀವು ಕಿಟಕಿ ಪಕ್ಕ ಕೂತು ಕಾಫಿ ಕುಡಿಯುವಾಗ ನಿಮ್ಮ ಪಾದದಿಂದ ನಾಲ್ಕಡಿ ಕೆಳಗೆ ಗುಲಾಬಿ ಇರುತ್ತದೆ, ಕರಿಬೇವು ಇರುತ್ತದೆ, ಮಾತ್ರೆಗಳ ಪೆಟ್ಟಿಗೆ, ಯಾವುದೋ ಯಂತ್ರದ ಬಿಡಿಭಾಗ ಇರುತ್ತದೆ. ಒಮ್ಮೊಮ್ಮೆ ಹೊರದೇಶದಲ್ಲಿ ತೀರಿಕೊಂಡ ಒಬ್ಬರ ದೇಹ ಇರುತ್ತದೆ, ಊರಿಗೆ ವಾಪಸ್ ಬರುತ್ತಾ. ಅಂಥ ಕಾಗದ ಮೊದಲ ಸಲ ನನ್ನ ಕೈಗೆ ಬಂದ ದಿನ ನಾನು ಅದನ್ನು ಬೇರೆ ಕಾಗದಗಳ ಜೊತೆ ಸೇರಿಸಲಾಗದೆ ಪಕ್ಕದಲ್ಲಿ ಒಂದು ಹಾಳೆಯ ಮೇಲೆ ಬೇರೆಯಾಗಿ ಇಟ್ಟಿದ್ದೆ.

ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಬಸ್ಸಿನ ಥರ ತಾನೇ?" ಅಂದಳು.

ಹೌದು, ಸರಿಯಾಗಿ ಅದೇ. ನಾನು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಗ ಅಮ್ಮ ತಿಪಟೂರಿನಲ್ಲಿ ಬಸ್ಸಿಗೆ ಒಂದು ಚೀಲ ಕೊಟ್ಟು ಕಳಿಸುತ್ತಿದ್ದಳು. ಚಕ್ಕುಲಿ, ಕೊಬ್ಬರಿ ಮಿಠಾಯಿ, ಒಂದು ಬಾಟಲಿ ತುಪ್ಪ. ನಾನು ಮೆಜೆಸ್ಟಿಕ್‌ಗೆ ಹೋಗಿ ಕಂಡಕ್ಟರ್ ಹತ್ತಿರ ಇಸಿದುಕೊಳ್ಳುತ್ತಿದ್ದೆ. ಕೆಂಪು ಬಸ್ಸಿನ ಟಾಪ್ ಮೇಲೆ ಬಾಳೆಗೊನೆ, ಕೊಬ್ಬರಿ ಚೀಲ, ಕನಕಾಂಬರದ ಬುಟ್ಟಿ. ಒಳಗೆ ಜನ. ಜನರ ಟಿಕೆಟ್ಟಿನಿಂದ ಬಸ್ಸು ಓಡುತ್ತದೆ, ಬುಟ್ಟಿಗೆ ಲಗೇಜ್ ಟಿಕೆಟ್ ಸ್ವಲ್ಪ ಕೊಟ್ಟರೆ ಆಯಿತು. ಬುಟ್ಟಿಗೆಂದೇ ಬೇರೆ ಗಾಡಿ ಮಾಡಿಕೊಂಡು ಹೋಗಬೇಕು ಅಂದರೆ ಆ ಹೂವು ಮಾರಿದ ದುಡ್ಡು ಡೀಸೆಲ್ಲಿಗೂ ಸಾಲುವುದಿಲ್ಲ.

ನಮ್ಮ ದೇಶದಲ್ಲಿ ವಿಮಾನ ಶುರುವಾದದ್ದೇ ಬುಟ್ಟಿಯಿಂದ ಅನ್ನಬಹುದು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನೈನಿಗೆ ಒಂದು ವಿಮಾನ ಸುಮಾರು 6,500 ಕಾಗದಗಳನ್ನು ಹೊತ್ತು ನದಿ ದಾಟಿತು. ವಿಮಾನದಲ್ಲಿ ಟಪಾಲು ಅಧಿಕೃತವಾಗಿ ಹೋದದ್ದು ಪ್ರಪಂಚದಲ್ಲೇ ಅದೇ ಮೊದಲು. ಆಮೇಲೆ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಒಂದು ಚಿಕ್ಕ ಪಸ್ ಮಾತ್ ವಿಮಾನ ಹಾರಿಸಿಕೊಂಡು ಬಂದರಲ್ಲ, ಅದೂ ಟಪಾಲಿನ ವಿಮಾನವೇ. ಅದೇ ಟಪಾಲು ಮುಂಬೈಯಿಂದ ಮದ್ರಾಸಿಗೆ ಹೋದ ದಾರಿ ನಮ್ಮ ಬಳ್ಳಾರಿಯ ಮೇಲೆ. ನನಗೆ ಇದು ತುಂಬಾ ಇಷ್ಟವಾದ ವಿಷಯ. ಬಳ್ಳಾರಿ ಬಿಸಿಲಿನಲ್ಲಿ ಇಳಿದ ಆ ವಿಮಾನದಲ್ಲಿ ಯಾರದೋ ಮನೆಯ ಕಾಗದ, ಯಾರದೋ ಅಂಗಡಿಯ ಲೆಕ್ಕ ಇತ್ತು. ಜನ ಹತ್ತಿದ್ದು ಆಮೇಲೆ.

ಈಗ ಜನ ಮುಖ್ಯ, ಸರಕು ಮಿಕ್ಕಿದ್ದು. ತಪ್ಪು ಅಂತ ಹೇಳುತ್ತಿಲ್ಲ. ಟಿಕೆಟ್ ಕೊಟ್ಟವರು ಮೊದಲು, ಅವರ ಬ್ಯಾಗು ಆಮೇಲೆ, ಉಳಿದ ಜಾಗ ಮತ್ತು ಉಳಿದ ತೂಕ ಡಬ್ಬಗಳಿಗೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಾದಷ್ಟು ಗಾಳಿ ತೆಳು, ಬಿಸಿಲು ಏರಿದರೆ ಇನ್ನೂ ತೆಳು. ರೆಕ್ಕೆಗೆ ಹಿಡಿತ ಕಡಿಮೆ. ಹಾಗಾಗಿ ಏಪ್ರಿಲ್ ಸೆಕೆಯಲ್ಲಿ ಜನ ತುಂಬಿದ ವಿಮಾನಕ್ಕೆ ತೂಕ ಇಳಿಸಿ ಅಂತ ಕಡೇ ಗಳಿಗೆಯಲ್ಲಿ ಹೇಳುತ್ತಾರೆ. ಇಳಿಯೋದು ಯಾರು? ಡಬ್ಬ. ಇದಕ್ಕೆ ಆಫ್‌ಲೋಡ್ ಅಂತ ಹೆಸರು. ಒಂದು ಸಲ ನಮ್ಮ ಅಣ್ಣನ ಮೂವತ್ತು ಡಬ್ಬ ಹೀಗೇ ಇಳಿದವು. ವಾಪಸ್ ಕೋಲ್ಡ್ ರೂಮಿಗೆ ಹೋಗಬೇಕಿತ್ತು, ಹೋಗಲಿಲ್ಲ. ವಿಮಾನ ನಿಲ್ಲುವ ಜಾಗದ ಪಕ್ಕದಲ್ಲೇ ಟ್ರಾಲಿ ಮೇಲೆ ಬೆಳಗಿನವರೆಗೂ ಉಳಿದವು. ಯಾವ ಕಂಪನಿ ಅಂತ ಹೇಳೋದು ಬೇಡ. ಯಾರಿಗೂ ಬೇಕೆಂದು ಮಾಡುವ ಮನಸ್ಸಿರಲಿಲ್ಲ, ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ ಅಷ್ಟೇ. ಆದರೆ ಆ ಡಬ್ಬ ಬಿಚ್ಚಿದಾಗ ಬಂದ ವಾಸನೆ ನನಗೆ ಇವತ್ತಿಗೂ ಮರೆತಿಲ್ಲ. ಬಾಡಿದ ಹೂವಿನ ವಾಸನೆ ಅಲ್ಲ ಅದು. ಬೆಂದ ಸೊಪ್ಪಿನ ವಾಸನೆ.

ಒಂದು ಗುಲಾಬಿ ಡಬ್ಬ ಹೇಗಿರುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ಅದನ್ನು ನೋಡದೆ ಉಳಿದ ಕಥೆ ಅರ್ಥ ಆಗಲ್ಲ. ಉದ್ದನೆಯ ರಟ್ಟಿನ ಡಬ್ಬ, ಒಂದು ಮೀಟರ್ ಹತ್ತಿರ. ಎರಡೂ ತುದಿಯಲ್ಲಿ ಗಾಳಿಗೆ ತೂತು. ಹೂವು ಅರಳುವ ಮೊದಲೇ, ಮೊಗ್ಗು ಇನ್ನೂ ಬಿಗಿಯಾಗಿ ಇರುವಾಗಲೇ ಬೆಳಿಗ್ಗೆ ಕೊಯ್ಯುತ್ತಾರೆ. ಕೊಯ್ದ ತಕ್ಷಣ ಬಕೆಟ್ ನೀರಿಗೆ. ಅಲ್ಲಿಂದ ಎರಡು ನಾಲ್ಕು ಡಿಗ್ರಿಯ ಕೋಲ್ಡ್ ರೂಮಿಗೆ. ಆಮೇಲೆ ಹೆಂಗಸರು ಕೂತು ಇಪ್ಪತ್ತು ಇಪ್ಪತ್ತು ಕಡ್ಡಿ ಸೇರಿಸಿ, ತಲೆಗಳನ್ನು ಒಂದೇ ಮಟ್ಟಕ್ಕೆ ತಟ್ಟಿ, ಸುತ್ತ ರಟ್ಟು ಸುತ್ತುತ್ತಾರೆ. ಆ ಕೈಗಳ ವೇಗ ನೋಡಬೇಕು! ಮುಳ್ಳು ತಾಗಿ ತಾಗಿ ಬೆರಳ ತುದಿ ಒರಟಾಗಿರುತ್ತದೆ, ಆದರೆ ಒಂದು ಎಸಳಿಗೂ ಗಾಯ ಆಗುವುದಿಲ್ಲ. ಕಟ್ಟುಗಳನ್ನು ಡಬ್ಬದಲ್ಲಿ ತಲೆ ಆ ಕಡೆ ಒಂದು, ಈ ಕಡೆ ಒಂದು ಜೋಡಿಸಿ, ನಡುವೆ ಜಾರದ ಹಾಗೆ ಪಟ್ಟಿ ಬಿಗಿಯುತ್ತಾರೆ.

ಈಗ ಲೆಕ್ಕ. ಡಬ್ಬ 100 ಸೆಂ.ಮೀ. ಉದ್ದ, 40 ಅಗಲ, 30 ಎತ್ತರ ಅಂದುಕೊಳ್ಳಿ. ಮೂರನ್ನೂ ಗುಣಿಸಿ 6,000ದಿಂದ ಭಾಗಿಸಬೇಕು. 20 ಬರುತ್ತದೆ. ತಕ್ಕಡಿ ಮೇಲೆ ಡಬ್ಬ 14 ಕೆ.ಜಿ. ತೂಗಿದರೂ ವಿಮಾನದವರು ದುಡ್ಡು ತಗೊಳ್ಳೋದು 20 ಕೆ.ಜಿ.ಗೇ. ಹಗುರವಾದ ಸಾಮಾನು ಜಾಗ ಜಾಸ್ತಿ ತಿನ್ನುತ್ತದೆ, ಆ ಜಾಗಕ್ಕೆ ಬಾಡಿಗೆ. ಇಷ್ಟು ಕೊಟ್ಟೂ ಹೂವಿನವರಿಗೆ ಸ್ವಲ್ಪ ಉಳಿಯುತ್ತಿತ್ತು. ಯಾಕೆ ಉಳಿಯುತ್ತಿತ್ತು ಅಂದರೆ ಮೇಲೆ ಕೂತವರು ವಿಮಾನದ ಖರ್ಚಿನ ದೊಡ್ಡ ಪಾಲನ್ನು ಆಗಲೇ ಕೊಟ್ಟಾಗಿರುತ್ತಿತ್ತು. ದುಬೈಗೆ ಕೆಲಸಕ್ಕೆ ಹೋಗುವ ಹುಡುಗ, ಮಗಳ ಬಾಣಂತನಕ್ಕೆ ಹೊರಟ ಅಮ್ಮ, ಆಫೀಸಿನ ಮೀಟಿಂಗಿಗೆ ಹೋಗುವವರು, ಇವರೆಲ್ಲ ಸೇರಿ ದೊಡ್ಡಬಳ್ಳಾಪುರದ ಗುಲಾಬಿಯನ್ನು ಹೊತ್ತುಕೊಂಡು ಹೋಗುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಅಣ್ಣನಿಗೂ ಅಷ್ಟು ಗೊತ್ತಿರಲಿಲ್ಲ.

ಗೊತ್ತಾದದ್ದು 2020ರಲ್ಲಿ.

ಆ ವರ್ಷದ ಫೆಬ್ರವರಿ ಚೆನ್ನಾಗಿತ್ತು. ಪ್ರೇಮಿಗಳ ದಿನಕ್ಕೆ ಮೊದಲಿನ ಎರಡು ವಾರ ಹೂವಿನವರಿಗೆ ಹಬ್ಬ ಇದ್ದ ಹಾಗೆ, ಬೆಂಗಳೂರಿನಿಂದ ಕೆಂಪು ಗುಲಾಬಿ ಹೊರದೇಶಕ್ಕೆ ಹೋಗೋದು ಆಗಲೇ ಜಾಸ್ತಿ. ನಾವು ಐದೂ ಜನ ಆಫೀಸಿನಲ್ಲೇ ಮಲಗಿದ ರಾತ್ರಿಗಳಿವೆ. ಮಾರ್ಚ್ ಬಂತು, ಒಂದೊಂದೇ ವಿಮಾನ ರದ್ದಾಗತೊಡಗಿತು. ಇವತ್ತು ಈ ಊರಿನದು, ನಾಳೆ ಆ ಊರಿನದು. 22ನೇ ತಾರೀಖು ಭಾನುವಾರ ಜನತಾ ಕರ್ಫ್ಯೂ. ಅದರ ಬೆನ್ನಿಗೇ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಪೂರ್ತಿ ನಿಂತವು. 24ರ ರಾತ್ರಿ ಲಾಕ್‌ಡೌನ್ ಘೋಷಣೆ, ಒಳನಾಡಿನ ವಿಮಾನವೂ ನಿಂತಿತು. 25 ಯುಗಾದಿ.

ಯುಗಾದಿಗೆಂದು ಬೆಳೆದ ಚೆಂಡುಹೂವು, ಸೇವಂತಿಗೆ ಹೊಲದಲ್ಲೇ ಉಳಿಯಿತು. ಮಾರ್ಕೆಟ್ ಇಲ್ಲ, ದೇವಸ್ಥಾನ ಇಲ್ಲ, ಮದುವೆ ಇಲ್ಲ. ನಮ್ಮ ಅಣ್ಣ ಆವತ್ತು ರಾತ್ರಿ ಫೋನ್ ಮಾಡಿದರು. ಹತ್ತಿತಾ ಅಂತ ಕೇಳಲಿಲ್ಲ. "ಗಿಡಕ್ಕೆ ಲಾಕ್‌ಡೌನ್ ಅಂತ ಹೇಳೋದು ಹೇಗಮ್ಮ?" ಅಂದರು. ಪಾಲಿಹೌಸಿನ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಮನೆಯಲ್ಲಿ ಬೆಳೆಯುವ ಗುಲಾಬಿ ದಿನಾ ಹೂ ಬಿಡುತ್ತದೆ. ಕೊಯ್ಯದೆ ಬಿಟ್ಟರೆ ಗಿಡ ಹಾಳು, ರೋಗ ಬರುತ್ತದೆ. ಹಾಗಾಗಿ ದಿನಾ ಕೊಯ್ಯಬೇಕು, ಕೊಯ್ದು ತಿಪ್ಪೆಗೆ ಹಾಕಬೇಕು. ಅವರು ಅದನ್ನೇ ಮಾಡಿದರು. ಒಂದು ದಿನ ಫೋಟೋ ಕಳಿಸಿದರು, ಹಸುವಿನ ಕೊಟ್ಟಿಗೆ ಪಕ್ಕ ಸೊಂಟದೆತ್ತರ ಕೆಂಪು ರಾಶಿ. ಕೆಳಗೆ ಏನೂ ಬರೆದಿರಲಿಲ್ಲ.

ನಾನು ಆ ಫೋಟೋ ನೋಡುತ್ತಾ ಒಂದು ಮಾತು ಯೋಚಿಸಿದೆ. ಸರಕು ವಿಮಾನಕ್ಕೆ ಯಾರೂ ತಡೆ ಹಾಕಿರಲಿಲ್ಲ. ಕಾರ್ಗೋ ಹೋಗಬಹುದು ಅಂತ ಆದೇಶದಲ್ಲೇ ಇತ್ತು. ಡಬ್ಬಕ್ಕೆ ಕೊರೊನಾ ಅಂಟಿರಲಿಲ್ಲ, ದಾರಿಯೂ ಮುಚ್ಚಿರಲಿಲ್ಲ. ಮೇಲೆ ಕೂರುವ ಜನ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಕೆಳಗಿನ ಹೊಟ್ಟೆಯೂ ಮುಚ್ಚಿಕೊಂಡಿತು. ನಾವು ಮನೆಯಲ್ಲಿ ಕೂತದ್ದಕ್ಕೆ ಗುಲಾಬಿಯೂ ಮನೆಯಲ್ಲೇ ಉಳಿಯಿತು.

ಅದೇ ಹೊತ್ತಿಗೆ ಪ್ರಪಂಚಕ್ಕೆಲ್ಲ ಮಾಸ್ಕ್ ಬೇಕಿತ್ತು, ಪಿಪಿಇ ಬೇಕಿತ್ತು, ಔಷಧಿ ಬೇಕಿತ್ತು, ನಾಳೆ ಅಲ್ಲ ಇವತ್ತೇ ಬೇಕಿತ್ತು. ಸರಕು ಇದೆ, ಜಾಗ ಇಲ್ಲ. ಇನ್ನೊಂದು ಕಡೆ ಸಾವಿರಾರು ವಿಮಾನಗಳು ಎಂಜಿನ್‌ಗೆ ಹೊದಿಕೆ ಹಾಕಿಸಿಕೊಂಡು ಸಾಲಾಗಿ ನಿಂತಿವೆ. ನಿಂತ ವಿಮಾನಕ್ಕೂ ಖರ್ಚಿದೆ. ಪೈಲಟ್‌ಗಳಿಗೂ 90 ದಿನದೊಳಗೆ ಮೂರು ಸಲವಾದರೂ ಹಾರಿಸಿ ಇಳಿಸಿದ ಲೆಕ್ಕ ಇರಬೇಕು, ಇಲ್ಲದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿಸುವ ಹಾಗಿಲ್ಲ. ಇಂಧನದ ಬೆಲೆಯೂ ಆ ಏಪ್ರಿಲ್‌ನಲ್ಲಿ ಪಾತಾಳಕ್ಕೆ ಇಳಿದಿತ್ತು. ಇದೆಲ್ಲ ಒಂದೇ ಸಲ ಸೇರಿಕೊಂಡಾಗ ವಿಮಾನ ಕಂಪನಿಗಳಿಗೆ ಒಂದು ದಾರಿ ಕಂಡಿತು. ಜನ ಇಲ್ಲದಿದ್ದರೂ ಹಾರೋಣ, ಹೊಟ್ಟೆ ತುಂಬಿಸೋಣ. ಹೊಟ್ಟೆ ಸಾಲದಿದ್ದರೆ ಸೀಟಿನ ಮೇಲೂ ಇಡೋಣ.

ನಮ್ಮ ದೇಶದಲ್ಲಿ ಸೀಟಿನ ಮೇಲೆ ಸರಕು ಇಟ್ಟು ಮೊದಲು ಹಾರಿದ್ದು ಸ್ಪೈಸ್‌ಜೆಟ್, 2020ರ ಏಪ್ರಿಲ್ 7ರಂದು, ದೆಹಲಿಯಿಂದ ಚೆನ್ನೈಗೆ. ಆಮೇಲೆ ಬೇರೆಯವರೂ ಶುರು ಮಾಡಿದರು. ಏರ್ ಇಂಡಿಯಾ ಆ ತಿಂಗಳಲ್ಲೇ ಶಾಂಘೈಗೆ ಹೋಗಿ ಆಸ್ಪತ್ರೆ ಸಾಮಾನು ತಂದಿತು. ಹೊರದೇಶದಲ್ಲಿ ಏರ್ ಕೆನಡಾ, ಕೊರಿಯನ್ ಏರ್‌ನಂಥವರು ದೊಡ್ಡ ವಿಮಾನಗಳ ಸೀಟುಗಳನ್ನೇ ಬಿಚ್ಚಿ ತೆಗೆದು ಸರಕು ತುಂಬಿದರು. ಜನರೇ ಇಲ್ಲದ 2020ರಲ್ಲೂ ಕೊರಿಯನ್ ಏರ್ ಹಾರಾಟದ ವಹಿವಾಟಿನಲ್ಲಿ ಲಾಭ ತೋರಿಸಿತು ಅಂದರೆ ಅದಕ್ಕೆ ಈ ಡಬ್ಬಗಳೇ ಕಾರಣ. ಲುಫ್ತಾನ್ಸಾದವರು ಇಂಥ ವಿಮಾನಕ್ಕೆ 'ಪ್ರೈಟರ್' ಅಂತ ಹೆಸರಿಟ್ಟರು, ಪ್ಯಾಸೆಂಜರ್ ಮತ್ತು ಫ್ರೈಟರ್ ಎರಡನ್ನೂ ಸೇರಿಸಿ. ವಿಮಾನ ಕಂಪನಿಗಳ ಒಕ್ಕೂಟ ಅಯಾಟಾದ ಲೆಕ್ಕದಲ್ಲಿ 2020ರಲ್ಲಿ ಪ್ರಯಾಣಿಕರ ಸಂಚಾರ ಹಿಂದಿನ ವರ್ಷಕ್ಕಿಂತ ಶೇ. 65.9ರಷ್ಟು ಬಿದ್ದುಹೋಯಿತು. ಸರಕು ಇಳಿದದ್ದು ಶೇ. 10.6 ಮಾತ್ರ. ಈ ಎರಡು ಅಂಕಿಗಳ ನಡುವೆ ಎಷ್ಟು ಜನರ ಬೆನ್ನು ನೋವು ಇದೆ ಅಂತ ನನಗೆ ಗೊತ್ತು, ಯಾಕೆಂದರೆ ಒಂದು ರಾತ್ರಿ ನಾನು ಅದನ್ನು ಕಣ್ಣಾರೆ ನೋಡಿದೆ.

ಮೇ ತಿಂಗಳು. ಮಳೆ ಬಂದು ನಿಂತಿತ್ತು. ನಮ್ಮ ಒಬ್ಬ ಗಿರಾಕಿಯ ಔಷಧಿ ಪೆಟ್ಟಿಗೆಗಳು ಸೀಟಿನ ಮೇಲೆ ಹೋಗೋದಿತ್ತು. ನಿಮ್ಮ ಕಡೆಯಿಂದಲೂ ಒಬ್ಬರು ಇರಲಿ ಅಂದರು. ಪಾಸ್ ಇದ್ದದ್ದು ನನಗೆ. ಯಲಹಂಕದಿಂದ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ನನ್ನ ಗಾಡಿ ಬಿಟ್ಟರೆ ಪೊಲೀಸ್ ಬ್ಯಾರಿಕೇಡ್ ಅಷ್ಟೇ. ಯಾವಾಗಲೂ ಟ್ಯಾಕ್ಸಿ, ವಾಯುವಜ್ರ ಬಸ್ಸು ತುಂಬಿರುವ ರಸ್ತೆ ಅದು. ಕಪ್ಪೆಗಳ ಸದ್ದು ಕೇಳುತ್ತಿತ್ತು.

ಬೆಲ್ಲಿಗಾದರೆ ದೊಡ್ಡ ಬಾಗಿಲಿದೆ, ಬೆಲ್ಟ್ ಇದೆ, ಯಂತ್ರ ಇದೆ. ಸೀಟಿಗೆ ಏನಿದೆ? ನಾವು ಒಬ್ಬೊಬ್ಬರಾಗಿ ನುಸುಳುವ ಬಾಗಿಲು, ಒಬ್ಬರು ನಿಂತರೆ ಇನ್ನೊಬ್ಬರು ಹೋಗಲಾಗದ ಓಣಿ. ಹಾಗಾಗಿ ಎಲ್ಲವೂ ಕೈಯಲ್ಲೇ. ಮೆಟ್ಟಿಲ ಮೇಲೆ ಎರಡು ಮೆಟ್ಟಿಲಿಗೆ ಒಬ್ಬರಂತೆ ಲೋಡರ್ ಹುಡುಗರು ಸಾಲಾಗಿ ನಿಂತು ಒಬ್ಬರಿಂದ ಒಬ್ಬರಿಗೆ ಪೆಟ್ಟಿಗೆ ದಾಟಿಸುತ್ತಿದ್ದರು. ನಮ್ಮ ಕಡೆ ಕಟ್ಟಡಕ್ಕೆ ಮೋಲ್ಡ್ ಹಾಕುವಾಗ ಕಾಂಕ್ರೀಟ್ ಬಾಂಡ್ಲಿ ದಾಟಿಸುತ್ತಾರಲ್ಲ, ಥೇಟ್ ಹಾಗೇ. ಮೈಮೇಲೆ ಪಿಪಿಇ, ಮುಖಕ್ಕೆ ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಒಳಗೆ ಏಸಿ ಇಲ್ಲ. ಒಬ್ಬ ಹುಡುಗ ಕೆಳಗೆ ಬಂದು ಕೈಗವಸು ಬಿಚ್ಚಿ ತಲೆಕೆಳಗೆ ಮಾಡಿದ. ಬೆವರು ನೀರಿನ ಹಾಗೆ ಸುರಿಯಿತು. "ಎಲ್ಲಿಯವನಪ್ಪ ನೀನು?" ಅಂತ ಕೇಳಿದೆ. "ಸಿಂಧನೂರು ಕಡೆ ಅಕ್ಕ" ಅಂದ. ಊರಿಗೆ ಹೋಗಲು ಬಸ್ಸಿಲ್ಲ, ಇಲ್ಲಿ ಕೆಲಸ ಇದೆ, ಅದಕ್ಕೇ ಉಳಿದೆ ಅಂದ.

ಕಾಗದ ಕೊಡುವ ನೆಪದಲ್ಲಿ ಬಾಗಿಲ ತನಕ ಹತ್ತಿ ಒಳಗೆ ನೋಡಿದೆ. ಮೂರು ಮೂರು ಸೀಟಿನ ಸಾಲು. ಸೀಟಿಗೆ ಬೆಂಕಿ ತಡೆಯುವ ಹೊದಿಕೆ. ಅದರ ಮೇಲೆ ಬಿಳಿ ಪೆಟ್ಟಿಗೆಗಳು, ಮೇಲಿಂದ ಬಲೆ, ಪಟ್ಟಿ. ಕಿಟಕಿ ಪರದೆ ಎಲ್ಲಾ ಇಳಿಸಿತ್ತು. ತುಂಬಿದ ಪ್ರತಿ ಸೀಟಿನ ಮೇಲೂ ಪೆಟ್ಟಿಗೆ ಭುಜದೆತ್ತರಕ್ಕೆ ಬಂದಿತ್ತು, ಸೀಟಿನ ಬೆನ್ನು ದಾಟುವ ಹಾಗಿಲ್ಲ, ಒಂದು ಸೀಟಿಗೆ ಇಷ್ಟೇ ತೂಕ ಅಂತಲೂ ಇದೆ. ಆ ಸೀಟು ಒಬ್ಬ ಮನುಷ್ಯನನ್ನು ಹಿಡಿದುಕೊಳ್ಳಲು ಮಾಡಿದ್ದು ತಾನೇ? ಮಂದ ಬೆಳಕಿನಲ್ಲಿ ದೂರದಿಂದ ಜನವೇ ಕೂತಿರುವ ಹಾಗೆ ಕಂಡಿತು. ಅಲುಗಾಡದೆ, ಎಲ್ಲರೂ ಮುಂದೆ ನೋಡುತ್ತಾ. ನನಗೆ ಯಾಕೋ ಗಂಟಲು ಕಟ್ಟಿತು. ಎಷ್ಟು ಜನ ಆ ಔಷಧಿಗೆ ಕಾಯುತ್ತಿದ್ದಾರೋ, ಅವರ ಬದಲು ಅದು ಕೂತಿದೆ ಅನ್ನಿಸಿತು.

ಹಿಂದಿನ ಸಾಲುಗಳನ್ನು ಖಾಲಿ ಬಿಟ್ಟಿದ್ದರು. ಯಾಕೆ ಅಂತ ಕೇಳಿದಾಗ ಅಲ್ಲಿದ್ದ ಇಂಜಿನಿಯರ್ ಚೆನ್ನಾಗಿ ಬಿಡಿಸಿ ಹೇಳಿದರು. ಕೆಳಗಿನ ಹೊಟ್ಟೆಯಲ್ಲಿ ಹೊಗೆ ಬಂದರೆ ಪೈಲಟ್‌ಗೆ ತಾನಾಗಿಯೇ ಗೊತ್ತಾಗುತ್ತದೆ, ಬೆಂಕಿ ಆರಿಸುವ ಅನಿಲವೂ ಅಲ್ಲೇ ಇರುತ್ತದೆ. ಮೇಲೆ ಆ ವ್ಯವಸ್ಥೆ ಇಲ್ಲ. ಜನ ಕೂತಿದ್ದರೆ ಅವರ ಮೂಗೇ ಹೊಗೆ ಹಿಡಿಯುತ್ತದೆ, ಕೂಗುತ್ತಾರೆ. ಪೆಟ್ಟಿಗೆ ಕೂಗುತ್ತದಾ? ಅದಕ್ಕೇ ಸಿಬ್ಬಂದಿ ಹಿಂದೆ ಮುಂದೆ ಕೂತು, ಹೊತ್ತು ಹೊತ್ತಿಗೆ ಓಣಿಯಲ್ಲಿ ಓಡಾಡಿ ಮೂಸಿ ನೋಡುತ್ತಾ ಬರಬೇಕು, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ಅಪಾಯದ ಸಾಮಾನು ಮೇಲೆ ಇಡುವ ಹಾಗೇ ಇಲ್ಲ. ಗಗನಸಖಿಯರು ಅಂತ ನಾವು ಕರೆಯುವ ಹೆಣ್ಣುಮಕ್ಕಳು ಆ ದಿನಗಳಲ್ಲಿ ಪೆಟ್ಟಿಗೆಗಳಿಗೆ ಕಾವಲು ಇದ್ದು ಹೋಗಿ ಬಂದರು. ಅವರ ಬಗ್ಗೆ ಯಾರೂ ಹೆಚ್ಚು ಬರೆದದ್ದು ನಾನು ನೋಡಿಲ್ಲ.

ತುಂಬಲು ಹಲವು ಗಂಟೆ ಹಿಡಿಯಿತು. ಹೊರಗೆ ಬಂದಾಗ ಬೆಳಕಾಗುತ್ತಿತ್ತು, ನಂದಿ ಬೆಟ್ಟದ ಅಂಚು ಕಾಣುತ್ತಿತ್ತು.

ಇಷ್ಟೆಲ್ಲ ಆದರೂ ನಮ್ಮ ಅಣ್ಣನ ಗುಲಾಬಿ ಹತ್ತಲಿಲ್ಲ. ಇದನ್ನು ನಾನು ಹೇಳಲೇಬೇಕು. ಸೀಟಿನ ಮೇಲೆ ಸರಕು ಹೋಯಿತು ಅಂತ ಓದಿದವರಿಗೆ ಎಲ್ಲರ ಕಷ್ಟವೂ ತೀರಿತು ಅನ್ನಿಸಬಹುದು. ತೀರಲಿಲ್ಲ. ಮೇಲೆ ಜನ ಇಲ್ಲದಾಗ ವಿಮಾನದ ಪೂರ್ತಿ ಖರ್ಚು ಡಬ್ಬದ ಮೇಲೇ ಬೀಳುತ್ತದೆ. ದರ ಬೆಳಿಗ್ಗೆ ಒಂದು, ಸಂಜೆ ಒಂದು. ಔಷಧಿಯವರು ಕೊಡುತ್ತಾರೆ, ಮಾಸ್ಕಿನವರು ಕೊಡುತ್ತಾರೆ, ಮೊಬೈಲ್‌ನವರು ಕೊಡುತ್ತಾರೆ. ಹೂವಿನವರು ಎಲ್ಲಿಂದ ಕೊಡಬೇಕು? 14 ಕೆ.ಜಿ. ಹೂವಿಗೆ 20 ಕೆ.ಜಿ. ಲೆಕ್ಕ ಬೇರೆ. ಜಾಗ ಕಡಿಮೆ ಆದಾಗ ಬಸ್ಸಿನ ಟಾಪ್‌ನಿಂದ ಮೊದಲು ಇಳಿಯುವ ಬುಟ್ಟಿ ಬಡವರದೇ.

ಆದರೆ ಅಣ್ಣ ಸುಮ್ನೆ ಕೂರಲಿಲ್ಲ. ಮೇ 7ರಿಂದ ವಂದೇ ಭಾರತ್ ವಿಮಾನಗಳು ಶುರುವಾದವು, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು. ಬರುವಾಗ ಜನ ತುಂಬಿರುತ್ತಿದ್ದರು, ಹೋಗುವಾಗ ಹೊಟ್ಟೆಯಲ್ಲಿ ಜಾಗ ಇರುತ್ತಿತ್ತು. ಗಲ್ಫ್‌ನಲ್ಲಿ ಇರುವ ನಮ್ಮ ಜನಕ್ಕೆ, ಮಲಯಾಳಿಗಳಿಗೆ, ತಮಿಳರಿಗೆ ಕರಿಬೇವು ಬೇಕು, ನುಗ್ಗೆಕಾಯಿ ಬೇಕು, ಹಸಿಮೆಣಸಿನಕಾಯಿ ಬೇಕು. ಸಾಂಬಾರ್ ಲಾಕ್‌ಡೌನ್‌ನಲ್ಲೂ ಮಾಡಲೇಬೇಕಲ್ವಾ? ಅಣ್ಣ ಪಕ್ಕದ ಹೊಲದವರ ಹತ್ತಿರ ಕರಿಬೇವು ಕೊಂಡರು. ಪ್ಯಾಕ್ ಮಾಡಲು ಬೇರೆ ಡಬ್ಬ ಸಿಗಲಿಲ್ಲ, ಡಬ್ಬದ ಫ್ಯಾಕ್ಟರಿಯೇ ಮುಚ್ಚಿತ್ತು. ಗುಲಾಬಿ ಡಬ್ಬಗಳು ರಾಶಿ ಇದ್ದವಲ್ಲ, ಅದರಲ್ಲೇ ತುಂಬಿದರು. ಹೊರಗೆ ದೊಡ್ಡ ಕೆಂಪು ಗುಲಾಬಿಯ ಚಿತ್ರ, ಒಳಗೆ ಕರಿಬೇವು. ಸ್ಕ್ರೀನಿಂಗ್‌ನವರು ನನಗೆ ಫೋನ್ ಮಾಡಿ "ಮೇಡಂ, ಡಬ್ಬದ ಮೇಲೆ ಒಂದು ಇದೆ, ಬಿಲ್‌ನಲ್ಲಿ ಇನ್ನೊಂದು ಇದೆ" ಅಂದರು. ಎಲ್ಲಾ ಡಬ್ಬಕ್ಕೂ ಹೊಸ ಚೀಟಿ ಅಂಟಿಸಬೇಕಾಯಿತು. ನಮ್ಮ ಆಫೀಸಿನ ಹುಡುಗ ಮತ್ತು ನಾನು ಗುಲಾಬಿ ಚಿತ್ರದ ಮೇಲೆ ಬಿಳಿ ಚೀಟಿ ಅಂಟಿಸುತ್ತಾ ಹೋದೆವು, ಒಂದೊಂದಾಗಿ, ಸಂಜೆಯವರೆಗೆ.

ಆ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಎರಡು ತಿಂಗಳ ಮೇಲೆ ಅದೇ ಮಾತು. "ಹತ್ತಿತಾ?"

"ಹತ್ತಿತು ಅಣ್ಣ."

ಅವರು ಮಲಕ್ಕೋ ಅನ್ನಲಿಲ್ಲ. ಫೋನೂ ಇಡಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದೆವು.

2020–21ರಲ್ಲಿ ದೇಶದಿಂದ ವಿಮಾನದಲ್ಲಿ ಹೊರಗೆ ಹೋದ ಬೇಗ ಕೆಡುವ ಸರಕಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣವೇ ಮೊದಲ ಸ್ಥಾನಕ್ಕೆ ಬಂತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಆ ಬಿಳಿ ಚೀಟಿಗಳು ನೆನಪಾದವು. 2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಏರ್ ಇಂಡಿಯಾದ ನೇರ ವಿಮಾನ ಶುರುವಾಯಿತು. ಮೊದಲ ಹಾರಾಟವನ್ನು ಹೆಣ್ಣುಮಕ್ಕಳೇ ನಡೆಸಿಕೊಂಡು ಬಂದರು. ಐಟಿಯವರಿಗೆ ಅನುಕೂಲ ಅಂತ ಎಲ್ಲರೂ ಬರೆದರು. ನನಗೆ ಹೊಸ ವಿಮಾನ ಬಂತು ಅಂದರೆ ಮೊದಲು ಹೊಳೆಯೋದು ಅದರ ಹೊಟ್ಟೆಯಲ್ಲಿ ಎಷ್ಟು ಜಾಗ, ಯಾರ ಡಬ್ಬ ಹೋಗಬಹುದು ಅಂತ. ಅದೇ ವರ್ಷ ನಮ್ಮ ಕೆಎಸ್‌ಆರ್‌ಟಿಸಿಯೂ 'ನಮ್ಮ ಕಾರ್ಗೋ' ಅಂತ ಶುರು ಮಾಡಿತು. ಬಸ್ಸಿನಲ್ಲೂ ಜನ ಕಡಿಮೆ ಆಗಿದ್ದ ಕಾಲ ಅದು. ಅಮ್ಮನ ಚಕ್ಕುಲಿ ಚೀಲಕ್ಕೆ ಈಗ ರಸೀದಿ ಬಂದಿದೆ.

ವಿಮಾನ ನಿಲ್ದಾಣದ ವಿಷಯ ಬಂದಾಗೆಲ್ಲ ನಾವು ಟರ್ಮಿನಲ್ ಎಷ್ಟು ಚೆನ್ನಾಗಿದೆ, ದೋಸೆಗೆ ಎಷ್ಟು ದುಡ್ಡು, ಮೆಟ್ರೋ ಯಾವಾಗ ಬರುತ್ತೆ ಅಂತ ಮಾತಾಡುತ್ತೇವೆ. ಮಾತಾಡಬೇಕಾದ್ದೇ. ಆದರೆ ಕೋಲ್ಡ್ ರೂಮಿನಿಂದ ವಿಮಾನದ ತನಕ ಹೋಗುವ ಆ ಸ್ವಲ್ಪ ದೂರದಲ್ಲಿ ಹೂವಿನ ಮೇಲೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಆಫ್‌ಲೋಡ್ ಆದ ಡಬ್ಬ ಎಷ್ಟು ನಿಮಿಷದಲ್ಲಿ ವಾಪಸ್ ತಂಪಿಗೆ ಹೋಗುತ್ತದೆ, ಇದರ ಬಗ್ಗೆಯೂ ಯಾರಾದರೂ ಕೇಳಬೇಕು. ಬೆಳೆಗಾರರು ಕೇಳುವ ಹಾಗಿಲ್ಲ, ಅವರನ್ನು ಗೇಟ್ ಒಳಗೇ ಬಿಡುವುದಿಲ್ಲ. ನಿಮ್ಮ ನಮ್ಮ ಟಿಕೆಟ್ಟಿನ ಮೇಲೆ ಅವರ ಬದುಕು ಹೋಗಿ ಬರುತ್ತಿದೆ, ಹಾಗಾಗಿ ನಾವು ಕೇಳಬಹುದು ಅನ್ನಿಸುತ್ತೆ ನನಗೆ.

ನಾನು ಆ ಕೆಲಸ ಬಿಟ್ಟು ಈಗ ಸುಮಾರು ದಿನ ಆಯಿತು. 2022ರ ಮಾರ್ಚ್ 27ರಂದು ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಮೊದಲಿನ ಹಾಗೆ ಶುರುವಾದ ಮೇಲೆ ಸೀಟಿಗೆ ಜನ ಬಂದರು, ಪೆಟ್ಟಿಗೆಗಳು ಕೆಳಗಿಳಿದವು. ಅಣ್ಣ ಮತ್ತೆ ಗುಲಾಬಿ ಕಳಿಸುತ್ತಿದ್ದಾರೆ, ಅರ್ಧ ಪಾಲಿಹೌಸಿನಲ್ಲಿ ಮಾತ್ರ. ಇನ್ನರ್ಧದಲ್ಲಿ ದಪ್ಪಮೆಣಸಿನಕಾಯಿ.

ಮೊನ್ನೆ ಅಕ್ಕನನ್ನು ನೋಡಲು ದುಬೈಗೆ ಹೊರಟಿದ್ದೆ. ರಾತ್ರಿ ವಿಮಾನ, ಕಿಟಕಿ ಸೀಟು, ರೆಕ್ಕೆಯ ಹಿಂದೆ. ಬ್ಯಾಗಿನಲ್ಲಿ ಹುರಿಗಾಳು, ಸಾಂಬಾರ್ ಪುಡಿ, ಉಪ್ಪಿನಕಾಯಿ ತುಂಬಿ ಮೂವತ್ತು ಕೆ.ಜಿ. ಆಗಿತ್ತು. ಕೆಳಗೆ ಬೆಲ್ಟ್ ಮೇಲೆ ಬ್ಯಾಗುಗಳು ಹತ್ತಿ ಮುಗಿದವು. ಆಮೇಲೆ ಟ್ರಾಲಿಯಲ್ಲಿ ಉದ್ದನೆಯ ರಟ್ಟಿನ ಡಬ್ಬಗಳು ಬಂದವು. ತುದಿಯಲ್ಲಿ ತೂತು. ನಾನು ಎಣಿಸುತ್ತಾ ಹೋದೆ. ಇನ್ನೂ ಆರು ಇರುವಾಗ ಬೆಲ್ಟ್ ನಿಂತಿತು. ಕಿತ್ತಳೆ ಜಾಕೆಟ್ಟಿನ ಹುಡುಗ ವಾಕಿಟಾಕಿ ಕಿವಿಗೆ ಹಿಡಿದು ಮೇಲೆ ನೋಡುತ್ತಿದ್ದ. ಏನು ಮಾತು ನಡೆಯುತ್ತಿದೆ ಅಂತ ನನಗೆ ಅಕ್ಷರ ಅಕ್ಷರ ಗೊತ್ತು. ಗಾಜಿಗೆ ಹಣೆ ಹಚ್ಚಿ ಕೂತೆ. ಫೋನ್ ಆಫ್ ಮಾಡಿ ಅಂತ ಗಗನಸಖಿ ಬಂದು ಹೇಳಿದರು, ಒಂದು ನಿಮಿಷ ಅಂದೆ.

ಬೆಲ್ಟ್ ಮತ್ತೆ ತಿರುಗಿತು. ಒಂದು, ಎರಡು, ಆರೂ.

ಅವು ಅಣ್ಣನವೇ ಅಂತ ಹೇಳಲು ಬರುತ್ತಿರಲಿಲ್ಲ. ಆದರೂ ಮೆಸೇಜ್ ಹಾಕಿದೆ. "ಅಣ್ಣ, ಯಾರದೋ ಹೂವು. ಹತ್ತಿತು."